ಹಳಿಯ ಮೇಲೆ ಮರೆತ ಆರತಿ ತಟ್ಟೆ

ಆಸ್ಟಿನ್‌ನಲ್ಲಿ ಹದಿನೆಂಟು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ ಬೇಸತ್ತು ನಾನು ರೈಲ್ವೆ ಸಿಗ್ನಲ್ ಕೆಲಸಕ್ಕೆ ಸೇರಿದೆ. ನನಗೆ ತಲೆ ಕೆಟ್ಟಿದೆ ಎಂದು ಮನೆಯಲ್ಲಿ ತೀರ್ಮಾನವಾಯಿತು. ಫ್ಲೂಗರ್‌ವಿಲ್‌ನ ಗೆಳತಿಯರಂತೂ ನಾನು ಬಿಸಿಲಲ್ಲಿ ಹಸಿರು ಬಾವುಟ ಹಿಡಿದು ನಿಲ್ಲುತ್ತೇನೆ ಎಂದೇ ನಂಬಿದ್ದರು. ನನಗೆ ಮಾತ್ರ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಲಿಯಾಂಡರ್‌ನಿಂದ ಆಸ್ಟಿನ್ ಪೇಟೆಗೆ ಬರುವ ರೈಲಿಗೆ ಬಹುಪಾಲು ಒಂದೇ ಹಳಿ. ಹೋಗುವ ಗಾಡಿಗೂ ಅದೇ, ಬರುವ ಗಾಡಿಗೂ ಅದೇ. ಎದುರಾಗುವ ಕಡೆ ಒಂದು ಗಾಡಿ ಪಕ್ಕಕ್ಕೆ ಸರಿದು ನಿಲ್ಲಲು ಜೋಡಿ ಹಳಿ ಬೇಕು. ಅಂಥ ಒಂದು ಹೊಸ ಜೋಡಿ ಹಳಿಯನ್ನು ಭಾನುವಾರ ಗಾಡಿಗಳಿಲ್ಲದ ಹೊತ್ತಲ್ಲಿ ಪರೀಕ್ಷಿಸಿ, ಸೋಮವಾರ ಬೆಳಗಿನ ಮೊದಲ ಗಾಡಿಗೆ ಬಿಟ್ಟುಕೊಡಬೇಕಿತ್ತು. ನನ್ನ ಪ್ರೊಬೇಷನ್ ಕೂಡ ಆ ಕೆಲಸದೊಂದಿಗೇ ಮುಗಿಯುತ್ತಿತ್ತು. ಹಿರಿಯರು ಸಹಿ ಹಾಕಿದರೆ ನೌಕರಿ ಖಾಯಂ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ಆ ಹಿರಿಯರು ಧಾರವಾಡದವರು, ಡಲ್ಲಾಸ್‌ನಿಂದ ಬರುತ್ತಿದ್ದರು. ಉಳಿದವರಿಗೆ ಬಾಸ್, ನನಗೆ ಅಂಕಲ್. ಮೊದಲ ದಿನವೇ ನನ್ನನ್ನು ಹಳಿ ಪಕ್ಕದ ಕಿಟಕಿಯಿಲ್ಲದ ಬೂದು ಕೋಣೆಗೆ ಕರೆದೊಯ್ದಿದ್ದರು. ದಿನವೂ ರೈಲಲ್ಲಿ ಓಡಾಡುವವರೂ ಆ ಕೋಣೆಯತ್ತ ಕಣ್ಣು ಹಾಯಿಸುವುದಿಲ್ಲ. ಒಳಗೆ ಸಾಲುಸಾಲಾಗಿ ರಿಲೇಗಳು, ಕರೆಂಟ್ ಬಂದರೆ ಏಳುವ, ನಿಂತರೆ ಬೀಳುವ ಸ್ವಿಚ್‌ಗಳು, ಟಕ್ ಟಕ್ ಎಂದು ತಮ್ಮ ಪಾಡಿಗೆ ಮಾತಾಡಿಕೊಳ್ಳುತ್ತಿದ್ದವು.

"ಎರಡೂ ಹಳಿಯೊಳಗ ಸಣ್ಣ ಕರೆಂಟ್ ಹರೀತಿರ್ತದ, ತಂಗಿ" ಎಂದರು ಅಂಕಲ್. "ಅದು ಬಂದು ಈ ರಿಲೇ ಮುಟ್ಟಿದ್ರ ದಾರಿ ಖಾಲಿ ಅದ ಅಂತ. ಗಾಡಿ ಬಂತಂದ್ರ ಅದರ ಗಾಲಿ ಎರಡೂ ಹಳಿ ಕೂಡಿಸ್ತಾವ. ಕರೆಂಟ್ ಅಲ್ಲಿಂದನ ತಿರುಗಿ ಹೋಗ್ತದ. ರಿಲೇ ಬೀಳ್ತದ, ಸಿಗ್ನಲ್ ಕೆಂಪಾಗ್ತದ."

"ವೈರ್ ಕಟ್ ಆದ್ರೆ?"

"ಆವಾಗೂ ಕರೆಂಟ್ ಬರಂಗಿಲ್ಲ. ಆವಾಗೂ ಕೆಂಪು. ಏನ ಕೆಟ್ಟರೂ ಕೆಂಪು."

ನನ್ನ ಮೈ ಝುಮ್ಮೆಂದಿತು. ಒಳಗೆಲ್ಲ ಹಾಳಾಗಿದ್ದರೂ ಪರದೆಯ ಮೇಲೆ ಎಲ್ಲ ಸರಿಯಿದೆ ಎಂದು ತೋರಿಸುವ ಪ್ರೋಗ್ರಾಮ್‌ಗಳ ಜೊತೆ ಅರ್ಧ ಆಯುಷ್ಯ ಕಳೆದವಳು ನಾನು. ಅನುಮಾನ ಬಂದರೆ ಸಾಕು, ನಿಲ್ಲು ಎನ್ನುವ ಈ ಯಂತ್ರದ ಮೇಲೆ ನನಗೆ ಭಕ್ತಿಯೇ ಹುಟ್ಟಿಬಿಟ್ಟಿತು.

ಎಡವಟ್ಟಾಗಿದ್ದೂ ಆ ಭಕ್ತಿಯಿಂದಲೇ. ಪರೀಕ್ಷೆಯ ಹಿಂದಿನ ದಿನ ಸೈಪ್ರೆಸ್ ಊರಿನಿಂದ ಅಕ್ಕ ಫೋನ್ ಮಾಡಿ, "ಹೊಸ ಮಷೀನು ಅಂತೀಯ, ಒಂದು ಕಾಯಿ ಒಡೆದು ಶುರು ಮಾಡೇ" ಎಂದಿದ್ದಳು. ಹೊಸ ಕಾರು ತಂದರೂ ಗಾಲಿಗೆ ನಿಂಬೆಹಣ್ಣು ಇಡುವವರು ನಾವು, ಹಳಿ ಬದಲಿಸುವ ಮೋಟಾರನ್ನು ಬಿಟ್ಟೇವೆಯೇ? ಭಾನುವಾರ ಎಲ್ಲರಿಗಿಂತ ಮೊದಲು ಹೋಗಿ ಜೋಡಿ ಹಳಿಯ ಆಚೆ ತುದಿಯಲ್ಲಿ ಮೋಟಾರಿಗೆ ಕುಂಕುಮ ಹಚ್ಚಿದೆ, ಕಾಯಿ ಒಡೆದೆ. ಜಲ್ಲಿಯ ಮೇಲೆ ಹಿತ್ತಾಳೆ ತಟ್ಟೆ ನಿಲ್ಲಲಿಲ್ಲ, ಹಳಿಯ ಮೇಲಿಟ್ಟು ಆರತಿ ಮುಗಿಸಿದೆ. ಅಷ್ಟರಲ್ಲಿ ಕೋಣೆಯ ಕಡೆಯಿಂದ ಯಾರೋ ಕೂಗಿದರು, ಓಡಿದೆ.

ಪರೀಕ್ಷೆ ಶುರುವಾಯಿತು. ಹಳಿಯ ಒಂದೊಂದು ಭಾಗದಲ್ಲೂ ಗಾಲಿಯ ಬದಲು ಒಂದು ತಂತಿಯನ್ನು ಎರಡೂ ಹಳಿಗೆ ಅಡ್ಡ ಹಾಕಬೇಕು, ಕೆಂಪು ಬರಬೇಕು; ತೆಗೆದರೆ ಹಸಿರು. ಆದರೆ ಆಚೆ ತುದಿಯ ಎರಡು ಭಾಗಗಳಲ್ಲಿ ತಂತಿ ಹಾಕುವ ಮೊದಲೇ ಕೆಂಪು. ಇಲ್ಲದ ಗಾಡಿ ಅಲ್ಲಿ ನಿಂತಿದೆ ಎಂದು ಯಂತ್ರ ಹಟ ಹಿಡಿಯಿತು. ಕೋಣೆಯೊಳಗೆ ಒಂದೊಂದೇ ವೈರ್ ಎಳೆದು ನೋಡಿದೆವು. ಸಾಲಾಗಿ ಬೈಗುಳ ಬಿದ್ದವು, ಕೆಂಪು ಕದಲಲಿಲ್ಲ.

ಮಧ್ಯಾಹ್ನ ಊಟದ ಡಬ್ಬಿ ತೆರೆದಾಗ ಎಲ್ಲರಿಗೂ ಪ್ರಸಾದ ಕೊಡೋಣ ಎನಿಸಿತು. ಕಾಯಿ ನೆನಪಾಯಿತು. ಕಾಯಿಯಿಟ್ಟ ತಟ್ಟೆ ನೆನಪಾಯಿತು. ಚೀಲ ಎತ್ತಿಕೊಂಡು ಆಚೆ ತುದಿಗೆ ಬಿರಬಿರನೆ ನಡೆದೆ.

ಒಂದು ಭಾಗದ ಕರೆಂಟು ಪಕ್ಕದ ಭಾಗಕ್ಕೆ ಸೇರದಂತೆ ಹಳಿಯನ್ನು ಕತ್ತರಿಸಿ ನಡುವೆ ಕರೆಂಟು ಹಾಯದ ಬೆರಳಗಲದ ತುಂಡೊಂದನ್ನು ಕೂರಿಸಿರುತ್ತಾರೆ. ಸರಿಯಾಗಿ ಆ ಸಂದಿನ ಮೇಲೆಯೇ ನನ್ನ ತಟ್ಟೆ ಕೂತಿತ್ತು, ಸುತ್ತ ಕಾಯಿನೀರು ಬೇರೆ. ಎರಡೂ ಕಡೆಯ ಕರೆಂಟು ಬೆರೆತು ಒಂದನ್ನೊಂದು ಅಳಿಸಿಹಾಕಿ, ಎರಡೂ ರಿಲೇ ಬಿದ್ದಿದ್ದವು. ತಟ್ಟೆ ಎತ್ತಿದೆ. ಕೋಣೆಯಿಂದ ಕೇಕೆ ಕೇಳಿಸಿತು.

ತಟ್ಟೆಯನ್ನು ಚೀಲಕ್ಕೆ ತುರುಕಿ ವಾಪಸು ಬಂದೆ. ಎಲ್ಲರೂ ಕೈ ಕುಲುಕುತ್ತಿದ್ದರು. ಬಾಯಿ ಮುಚ್ಚಿಕೊಂಡಿದ್ದರೆ ಮುಗಿದೇಹೋಗುತ್ತಿತ್ತು, ನಿಜ ಹೇಳುತ್ತೇನೆ, ಮುಚ್ಚಿಕೊಳ್ಳಬೇಕೆಂದೇ ಅನಿಸಿತ್ತು. ಅಂಕಲ್ ಒಬ್ಬರೇ ನಗುತ್ತಿರಲಿಲ್ಲ.

"ಕಾರಣ ಗೊತ್ತಿಲ್ಲದ ಹಸಿರು ನನಗ ಬ್ಯಾಡ" ಎಂದರು. "ಯಾಕ ಸರಿ ಆತು ಅಂತ ತಿಳಿಯೂ ತನಕ ನಾಳೆ ಗಾಡಿ ಬಿಡಂಗಿಲ್ಲ."

ನಾನು ಚೀಲದಿಂದ ತಟ್ಟೆ ತೆಗೆದು ಮೇಜಿನ ಮೇಲಿಟ್ಟೆ. "ಅಂಕಲ್, ಇದು ನಂದು. ಬೆಳಿಗ್ಗೆ ಪೂಜೆ ಮಾಡಿ ಸಂದಿನ ಮೇಲೆ ಮರ್ತು ಬಂದ್ಬಿಟ್ಟೆ."

ಅಂಕಲ್ ತಟ್ಟೆಯನ್ನು ತಿರುಗಿಸಿ ನೋಡಿದರು. "ಹೋಗು, ಮತ್ತ ಅಲ್ಲೇ ಇಡು."

ಇಟ್ಟೆ, ಕೆಂಪು. ಎತ್ತಿದೆ, ಹಸಿರು. "ಇನ್ನ ಎಲ್ಲಾ ಸಂದಿಗೂ ಇಟ್ಟು ತೋರಿಸು" ಎಂದರು. ಸಂಜೆಯವರೆಗೂ ಜೋಡಿ ಹಳಿಯುದ್ದಕ್ಕೂ ತಟ್ಟೆ ಹಿಡಿದು ಓಡಾಡಿದೆ. ಪ್ರತಿ ಸಂದಿನಲ್ಲೂ ಯಂತ್ರ ನನ್ನನ್ನು ಹಿಡಿದುಹಾಕಿತು. ನೌಕರಿ ಹೋಗುತ್ತದೆಂಬ ಭಯದಲ್ಲೂ ನನಗೆ ಕುಣಿಯುವಷ್ಟು ಖುಷಿ. ಕೊನೆಗೆ ವರದಿಯಲ್ಲಿ ಕಾರಣದ ಜಾಗದಲ್ಲಿ ನನ್ನ ಕೈಯಿಂದಲೇ ಬರೆದೆ: ಹಿತ್ತಾಳೆ ತಟ್ಟೆ, ಇಟ್ಟವಳು ನಾನು. ನನ್ನ ಪ್ರೊಬೇಷನ್ ಕಾಗದವನ್ನು ಅಂಕಲ್ ಸಹಿ ಮಾಡದೆ ಜೇಬಿಗಿಳಿಸಿದರು.

ಸೋಮವಾರ ಬೆಳಿಗ್ಗೆ ಲಿಯಾಂಡರ್ ಕಡೆಯ ಗಾಡಿ ಬಂದು ಹೊಸ ಹಳಿಗೆ ಸರಿದು ನಿಂತಿತು. ಎದುರಿನ ಗಾಡಿ ಪಕ್ಕದಲ್ಲೇ ಸರ್ರನೆ ಹಾದುಹೋಯಿತು. ಒಳಗಿದ್ದ ಒಬ್ಬರೂ ಫೋನಿನಿಂದ ತಲೆ ಎತ್ತಲಿಲ್ಲ. ನಾನು ಮಾತ್ರ ಬೇಲಿಯಾಚೆ ಚಪ್ಪಾಳೆ ತಟ್ಟುತ್ತಿದ್ದೆ.

ಅಂಕಲ್ ಜೇಬಿನಿಂದ ಕಾಗದ ತೆಗೆದು, ಕೋಣೆಯ ಬಾಗಿಲಿಗೆ ಒತ್ತಿ ಹಿಡಿದು ಸಹಿ ಹಾಕಿದರು.

"ಕೆಲಸ ಹೋಯ್ತು ಅಂದ್ಕೊಂಡಿದ್ದೆ ಅಂಕಲ್."

"ನಿನ್ನೆ ಹಸಿರು ಬಂದ ಮ್ಯಾಲ ನೀ ಒಳಗ ಬಂದಾಗ ಬೆರಳಿಗೆಲ್ಲಾ ಕುಂಕುಮ ಇತ್ತು, ತಂಗಿ" ಎಂದರು. "ಚೀಲ ತೆಗೀತಿಯೋ ಇಲ್ಲೋ ಅಂತ ನೋಡ್ಕೋತ ನಿಂತಿದ್ದೆ."