ನೀರು ಬೀಳುವ ಸದ್ದು ತಡೆಯದ ಧರ್ಮಪ್ಪ

ಸೋಗಾನೆಯಲ್ಲಿ ವಿಮಾನ ನಿಲ್ದಾಣ ತೆರೆದ ವರ್ಷ, ಯುಗಾದಿ ಕಳೆದ ಹನ್ನೆರಡನೇ ದಿನ, ಬೆಳಗ್ಗೆ ಏಳೂಕಾಲಿಗೆ ಬಂಗಾರಮ್ಮ ಧರ್ಮಪ್ಪನನ್ನು ಮೊದಲು ನೋಡಿದ್ದು. ಹೊತ್ತನ್ನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಎದುರುಮನೆಯ ಹರಿಪ್ರಸಾದರು ಏಳು ಗಂಟೆಗೆ ಸರಿಯಾಗಿ ಮೋಟರ್ ಹಾಕಿ ದೇವರಮನೆಗೆ ಹೋಗುತ್ತಿದ್ದರು. ಏಳೂಕಾಲಿಗೆ ತಾರಸಿಯ ಟ್ಯಾಂಕು ತುಂಬಿ, ಪೈಪಿನಿಂದ ನೀರು ರಸ್ತೆಗೆ ಸುರಿಯುತ್ತಿತ್ತು. ಅವರ ಮಂಗಳಾರತಿ ಮುಗಿಯುವ ತನಕ ಸುರಿಯುತ್ತಲೇ ಇರುತ್ತಿತ್ತು. ರವೀಂದ್ರನಗರದ ಆ ಅಡ್ಡರಸ್ತೆಯಲ್ಲಿ ಅದಕ್ಕೆ ತಲೆ ಕೆಡಿಸಿಕೊಂಡವರು ಯಾರೂ ಇರಲಿಲ್ಲ. ಬಂಗಾರಮ್ಮನಂತೂ ಆ ಸದ್ದನ್ನೇ ಗಡಿಯಾರ ಮಾಡಿಕೊಂಡು ಎರಡನೇ ಸಲದ ಕಾಫಿಗೆ ನೀರಿಡುತ್ತಿದ್ದಳು.

ಆ ದಿನ ಅವಳು ಜಗಲಿಯ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದಳು. ಪಕ್ಕದ ಬಾಡಿಗೆ ಮನೆಗೆ ಹಿಂದಿನ ಸಂಜೆಯಷ್ಟೇ ಯಾರದೋ ಸಾಮಾನು ಇಳಿದಿತ್ತು. ಅಲ್ಲಿಂದ ಬನಿಯನ್ ತೊಟ್ಟ ಎತ್ತರದ ಗಂಡಸೊಬ್ಬ ಎರಡು ಬಕೆಟ್ ಹಿಡಿದು ಓಡಿಬಂದ. ಪೈಪಿನ ಕೆಳಗೆ ಒಂದನ್ನಿಟ್ಟ, ತುಂಬಿತು. ಇನ್ನೊಂದನ್ನಿಟ್ಟ, ಅದೂ ತುಂಬಿತು. ತೊಟ್ಟಿಲಿಂದ ಮಗು ಜಾರುತ್ತಿರುವುದನ್ನು ಕಂಡವನ ಹಾಗೆ ಸುತ್ತಮುತ್ತ ನೋಡಿದ.

"ಅಮ್ಮಾ, ನಿಮ್ಮನೇಲಿ ಖಾಲಿ ಕೊಡಪಾನ ಇದ್ರೆ ಕೊಡ್ತೀರಾ?"

ಬಂಗಾರಮ್ಮ ಎರಡು ಕೊಟ್ಟಳು. ಅವೂ ತುಂಬಿದವು. ಆಮೇಲೆ ಅವನು ಯಾರನ್ನೂ ಕೇಳದೆ ಹರಿಪ್ರಸಾದರ ಗೇಟು ತೆಗೆದು ಒಳಗೆ ಹೋಗಿ, ಮೋಟರಿನ ಸ್ವಿಚ್ ಆರಿಸಿ ಬಂದ. ನೀರು ನಿಂತಿತು.

"ಈಗ ರಸ್ತೆಗೆ ಹೋದ ನೀರಲ್ಲಿ ನಾವು ಆರು ಜನ ಎರಡು ದಿನ ಇರ್ತಿದ್ವಿ," ಎಂದ.

"ಯಾವ ಊರಪ್ಪಾ ನಿಂದು, ನೀರೇ ಕಾಣದ ಊರು?"

"ಭದ್ರಾವತಿ."

ಹೊಳೆಯ ದಂಡೆಯ ಊರಿನವನ ಬಾಯಲ್ಲಿ ಈ ಮಾತು ಕೇಳಿ ಬಂಗಾರಮ್ಮನಿಗೆ ನಗು ಬಂತು. ಅವನಿಗೂ ಬಂತು. ಆದರೆ ನಗುತ್ತಲೇ ಅವನ ಕಣ್ಣು ಪೈಪಿನ ತುದಿಯ ಕೊನೆಯ ಹನಿಯ ಮೇಲಿತ್ತು.

ದಿನ ಕಳೆದ ಹಾಗೆ ವಿಷಯ ತಿಳಿಯಿತು. ಅವನ ಅಪ್ಪ ಪುಟ್ಟಯ್ಯ ಭದ್ರಾವತಿಯ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ನಿಂತು ದುಡಿದವನು. ಮಗ ಇಪ್ಪತ್ತೊಂದಕ್ಕೆ ಗಡಿ ಭದ್ರತಾ ಪಡೆ ಸೇರಿ, ಸರ್ವಿಸಿನ ಬಹುಪಾಲನ್ನು ಜೈಸಲ್ಮೇರಿನ ಆಚೆ, ಪಾಕಿಸ್ತಾನದ ಬೇಲಿಯ ಪಕ್ಕದ ಮರಳಿನಲ್ಲಿ ಕಳೆದಿದ್ದ. ಇಪ್ಪತ್ತು ವರ್ಷ ತುಂಬಿದ ಮೇಲೆ ಪಿಂಚಣಿ ತಗೊಂಡು ಬಂದಿದ್ದ. ಮಗಳು ಲಿಖಿತಾಳ ಕಾಲೇಜಿಗೆಂದು ಹೆಂಡತಿ ವೀಣಾ ಶಿವಮೊಗ್ಗದಲ್ಲಿ ಮನೆ ಹಿಡಿದಿದ್ದಳು.

ಬಂಗಾರಮ್ಮ ಓದಿದ್ದು ಎರಡನೇ ಕ್ಲಾಸು. ಅಕ್ಷರ ಕೂಡಿಸಿ ಬೋರ್ಡು ಓದುವಷ್ಟರಲ್ಲಿ ಬಸ್ಸು ಹೊರಟುಹೋಗುತ್ತಿತ್ತು. ಆದರೆ ಗಂಡ ಸತ್ತ ಮೇಲೆ ಬತ್ತಿ ಹೊಸೆದು ಮಾರಿದ ಈ ಹನ್ನೊಂದು ವರ್ಷದಲ್ಲಿ, ನೂರೆಂಟು ಬತ್ತಿಯ ಕಟ್ಟಿನಲ್ಲಿ ನೂರೇಳಿತ್ತು ಎಂದು ಪೂಜಾಸಾಮಾನಿನ ಅಂಗಡಿಯವನು ಒಂದು ದಿನವೂ ಅಂದದ್ದಿಲ್ಲ. ಅವಳ ಕೈಗೆ ಕೆಲಸವಿತ್ತು, ಕಿವಿಗೆ ಬಿಡುವಿತ್ತು. ಧರ್ಮಪ್ಪನಿಗೆ ಬೇಕಾಗಿದ್ದದ್ದು ಅಂಥ ಕಿವಿಯೇ. ಕೂತು ಹೇಳುವವನಲ್ಲ ಅವನು. ಒಂದು ಲೋಟ ಕಾಫಿ ಮುಗಿಯುವುದರಲ್ಲಿ ನಾಲ್ಕು ಸಲ ಏಳುತ್ತಿದ್ದ, ಅವಳು ಎಣಿಸಿದ್ದಳು. ಎದ್ದು ರಸ್ತೆಯ ಆ ಕೊನೆಗೆ ಹೋಗಿ, ಹಿಂದಿರುಗಿ, ಬಿಟ್ಟಲ್ಲಿಂದ ಮಾತು ಹಿಡಿಯುತ್ತಿದ್ದ.

"ಐವತ್ತು ಡಿಗ್ರಿ ಅಮ್ಮ. ಬಂದೂಕಿನ ನಳಿಗೆ ಮುಟ್ಟಿದ್ರೆ ಚರ್ಮ ಅಲ್ಲೇ ಉಳಿಯುತ್ತೆ."

"ಮತ್ತೆ ಇಲ್ಲಿ ಯಾಕಪ್ಪ ಇಷ್ಟು ಒದ್ದಾಟ? ತಣ್ಣಗಿಲ್ವಾ?"

ಅವನು ಲೋಟ ಕೆಳಗಿಡುತ್ತಿದ್ದ. ಎದ್ದು ಹೋಗುತ್ತಿದ್ದ.

ತೀರ್ಥಹಳ್ಳಿ ಕಡೆಯವರಿಗೆ ಶಿವಮೊಗ್ಗ ಬಿಸಿಲೂರು. ಶಿವಮೊಗ್ಗದವರು ಭದ್ರಾವತಿ ತೋರಿಸಿ ಅದು ಬಿಸಿಲೂರು ಅನ್ನುತ್ತಾರೆ, ಭದ್ರಾವತಿಯವರು ಚಿತ್ರದುರ್ಗ ತೋರಿಸುತ್ತಾರೆ. ಧರ್ಮಪ್ಪ ಎಲ್ಲರಿಗೂ ಜೈಸಲ್ಮೇರ್ ತೋರಿಸಿ ಬಾಯಿ ಮುಚ್ಚಿಸುತ್ತಿದ್ದ. ಏಪ್ರಿಲ್‌ನಲ್ಲಿ ಹೊರಗೆ ಹೋಗುವಾಗ ಬಿಸಿಗಾಳಿ ತಾಗದಿರಲಿ ಎಂದು ಅಂಗಿಯ ಜೇಬಿನಲ್ಲಿ ಈರುಳ್ಳಿ ಇಟ್ಟುಕೊಳ್ಳುವುದು ಅಲ್ಲಿಯ ಪದ್ಧತಿಯಂತೆ. ಇಲ್ಲೂ ಬಿಟ್ಟಿರಲಿಲ್ಲ.

"ಬೇರೆ ಗಂಡಂದಿರ ಜೇಬಲ್ಲಿ ಬೀಡಿ ಸಿಗುತ್ತೆ ಅಂತ ಹೆಂಡ್ತೀರು ಅಳ್ತಾರೆ," ವೀಣಾ ಬಂಗಾರಮ್ಮನಿಗೆ ಹೇಳಿದಳು. "ನಂಗೆ ಮಾತ್ರ ಸಾರಿಗೆ ಈರುಳ್ಳಿ ಸಿಗುತ್ತೆ."

ಜೂನ್ ಬಂತು, ಅವನ ಚಡಪಡಿಕೆ ಹೆಚ್ಚಿತು. ಡ್ಯೂಟಿಯ ಬೂಟಿಗೆ ಬೂಷ್ಟು ಹಿಡಿಯಿತು. ದಿನಕ್ಕೆರಡು ಸಲ ಒರೆಸುತ್ತಿದ್ದ, ಮತ್ತೆ ಹಿಡಿಯುತ್ತಿತ್ತು. ಬೆರಳ ಸಂದಿಯೆಲ್ಲ ನವೆ. ಎಲ್ಲ ಸೂರುಗಳಿಂದಲೂ ನೀರು ಬೀಳುತ್ತಿತ್ತು, ಮಳೆಗೆ ಸ್ವಿಚ್ ಇರಲಿಲ್ಲ. ಕೊಡೆ ಹಿಡಿದು ರಸ್ತೆಯ ಉದ್ದಕ್ಕೂ ಹೋಗಿ ಬಂದು ಮಾಡುವವನನ್ನು ನೋಡಿ ವೀಣಾ, "ಆಕಾಶಕ್ಕೂ ಒಂದು ಬಕೆಟ್ ಇಟ್ಟು ಬನ್ರಿ," ಎಂದಳು. ಅದೇ ಮಳೆಗಾಲದಲ್ಲಿ ಅವನಿಗೆ ಸೊಂಟದ ನೋವು ಎದ್ದಿತು. ಮೂತ್ರಪಿಂಡದಲ್ಲಿ ಕಲ್ಲು. ಸುಡುವ ಸೀಮೆಯಲ್ಲಿ ವರ್ಷಗಟ್ಟಲೆ ನೀರು ಅಳೆದು ಕುಡಿದದ್ದರ ಫಲ, ಇನ್ನು ಮೇಲೆ ದಿನಕ್ಕೆ ಮೂರು ಲೀಟರ್ ಕುಡಿಯಬೇಕು, ಅಂಥ ಬಿಸಿಲಿಗೆ ಮತ್ತೆ ಮೈಯೊಡ್ಡಬಾರದು ಎಂದರು ಡಾಕ್ಟರು. ವೀಣಾ ಬಾಟಲಿಗೆ ಗೆರೆ ಎಳೆದು ಕೊಟ್ಟಳು. ಮೂರನೇ ಲೀಟರನ್ನು ಅವನು ಕದ್ದು ದಾಸವಾಳದ ಗಿಡಕ್ಕೆ ಹಾಕುವುದನ್ನು ಬಂಗಾರಮ್ಮ ಕಂಡಳು. ಕಂಡದ್ದನ್ನು ಅವನಿಗೇ ಹೇಳಿದಳು. ನಾಳೆಯಿಂದ ಅವಳ ಜಗಲಿಯ ಮೇಲೆ, ಅವಳ ಕಣ್ಣೆದುರೇ ಕುಡಿಯಬೇಕು ಎಂದಾಯಿತು.

ಮರುವರ್ಷ ಮಾರ್ಚ್‌ನಲ್ಲಿ ಹರಿಪ್ರಸಾದರ ಮಗಳು ರಕ್ಷಾಳ ನಿಶ್ಚಿತಾರ್ಥ. ಮನೆಯ ಮುಂದೆ ಶಾಮಿಯಾನ, ತಾರಸಿಯ ಮೇಲೆ ಅಡುಗೆ. ಹನ್ನೊಂದು ಗಂಟೆಯ ಹೊತ್ತಿಗೆ ಪೈಪಿನಿಂದ ನೀರು ಧೋ ಎಂದು ಬಿತ್ತು. ಧರ್ಮಪ್ಪ ಎಂದಿನಂತೆ ಓಡಿದ, ಸ್ವಿಚ್ ಆರಿಸಿದ, ಬಂದ. ಆದರೆ ಅದು ಟ್ಯಾಂಕು ತುಂಬಿದ ನೀರಾಗಿರಲಿಲ್ಲ. ಮೇಲೆ ಅಡುಗೆಯವರು ಇಪ್ಪತ್ತು ಸೇರು ಅಕ್ಕಿ ತೊಳೆದು ಚೆಲ್ಲಿದ ನೀರು, ತಾರಸಿಯ ನೀರೂ ಇಳಿಯುವುದು ಅದೇ ಪೈಪಿನಲ್ಲಿ. ಅಡುಗೆಗೇ ಖಾಲಿಯಾಗಿದ್ದ ಟ್ಯಾಂಕು ಆಗಷ್ಟೇ ಮತ್ತೆ ತುಂಬಲು ಶುರುವಾಗಿತ್ತು. ಎರಡನೇ ಪಂಕ್ತಿ ಎದ್ದು ಕೈ ತೊಳೆಯಲು ನಿಂತಾಗ ನಲ್ಲಿಯಲ್ಲಿ ಗಾಳಿ ಬಂತು. ಗಂಡಿನ ಕಡೆಯ ಹಿರಿಯರು ಎಂಜಲ ಕೈ ಹಿಡಿದುಕೊಂಡೇ ನಿಂತರು.

ಹರಿಪ್ರಸಾದರು ಕೆಟ್ಟವರಲ್ಲ. ಆದರೆ ಆ ದಿನ ಬೀಗರ ಮುಂದೆ ಅವರ ಮುಖ ಹೋಗಿತ್ತು.

"ಇದು ನಿಮ್ಮ ಬಾರ್ಡರ್ ಅಲ್ಲ ಸ್ವಾಮಿ," ಎಂದರು ಎಲ್ಲರ ಎದುರು. "ನೀರೂ ನಂದು, ಕರೆಂಟೂ ನಂದು. ತಲೆ ಸರಿ ಇಲ್ಲದಿದ್ರೆ ತೋರಿಸ್ಕೊಳ್ಳಿ."

ಧರ್ಮಪ್ಪ ತನ್ನ ಮನೆಯಿಂದ ನೀರು ಹೊತ್ತ. ಬಂಗಾರಮ್ಮನ ಮನೆಯಿಂದಲೂ ಹೊತ್ತ. ಒಟ್ಟು ಇಪ್ಪತ್ತಾರು ಕೊಡಪಾನ. ಅಂದಿನಿಂದ ರಸ್ತೆಯ ಹುಡುಗರು ಅವನಿಗೆ 'ಮೋಟರ್ ಅಂಕಲ್' ಎಂದು ಹೆಸರಿಟ್ಟರು. ಅವನು ಆ ಸ್ವಿಚ್ ಮತ್ತೆ ಮುಟ್ಟಲಿಲ್ಲ. ಆದರೆ ಏಳೂಕಾಲಿಗೆ ಬಾಗಿಲು ತೆರೆದು ಬರುತ್ತಿದ್ದ, ನಿಲ್ಲುತ್ತಿದ್ದ, ಒಳಗೆ ಹೋಗುತ್ತಿದ್ದ, ಮತ್ತೆ ಬರುತ್ತಿದ್ದ. ಕೊನೆಗೆ ಕಿವಿ ಮುಚ್ಚಿಕೊಂಡವನಂತೆ ರಸ್ತೆಯ ಆಚೆ ಕೊನೆಗೆ ನಡೆದುಬಿಡುತ್ತಿದ್ದ.

ಇಂಥದರಲ್ಲಿ ರೂಪೇಶನ ಫೋನು ಬಂತು. ಧರ್ಮಪ್ಪನ ಜೊತೆ ಡ್ಯೂಟಿ ಮಾಡಿದವನು, ಈಗ ಜೈಸಲ್ಮೇರಿನ ಆಚೆ ಸೋಲಾರ್ ಫಲಕಗಳ ದೊಡ್ಡ ಬಯಲಿನಲ್ಲಿ ಕಾವಲಿನ ಮೇಲ್ವಿಚಾರಕ. ಅಲ್ಲಿ ಇನ್ನೊಬ್ಬ ಬೇಕಾಗಿತ್ತು. ಧರ್ಮಪ್ಪ ಆ ದಿನ ಮೊದಲ ಬಾರಿಗೆ ಒಂದು ಲೋಟ ಕಾಫಿಯನ್ನು ಕೂತಲ್ಲೇ ಕುಡಿದು ಮುಗಿಸಿದ. ಅದನ್ನು ನೋಡಿ ಬಂಗಾರಮ್ಮನಿಗೆ ಹೆದರಿಕೆಯಾಯಿತು.

ವೀಣಾ ಅಳುತ್ತಾ ಬಂದಳು. "ಡಾಕ್ಟರು ಅಷ್ಟು ಹೇಳಿದಾರೆ. ಇನ್ನೊಂದು ಬೇಸಿಗೆ ಅಲ್ಲಿ ಕಳೆದ್ರೆ ಕಿಡ್ನಿ ಉಳಿಯುತ್ತಾ? ನನ್ನ ಮಾತು ಕೇಳಲ್ಲ. ನೀವಾದ್ರೂ ಹೇಳಿ ಅಮ್ಮ. ಬಿಸಿಲೇ ಬೇಕು ಅಂದ್ರೆ ನಮ್ಮ ಭದ್ರಾವತೀಲಿ ಇಲ್ವಾ? ಜನ್ನಾಪುರದಲ್ಲಿ ಒಂದು ಮನೆ ಖಾಲಿ ಇದೆ. ಲಿಖಿತಾ ಬಸ್ಸಲ್ಲಿ ಓಡಾಡ್ತಾಳೆ."

ಮರುದಿನ ಗಂಡ, ಹೆಂಡತಿ, ಬಂಗಾರಮ್ಮ ಮೂವರೂ ಭದ್ರಾವತಿಯ ಬಸ್ಸು ಹತ್ತಿದರು. ಏಪ್ರಿಲ್‌ನ ಮಧ್ಯಾಹ್ನ, ಎರಡು ಗಂಟೆ. ಮನೆಯ ಒಡತಿ ತಮಿಳಿನ ಮುದುಕಿ, ಬಾಗಿಲಲ್ಲೇ ಕೈಹಿಡಿದು ಕರೆದಳು. "ವಾಪ್ಪಾ ತಂಬಿ. ಒಂದು ತೊಂದರೆ ಇಲ್ಲ ಇಲ್ಲಿ."

ಧರ್ಮಪ್ಪ ಅಂಗಳದ ನಡುವೆ ನಿಂತು ಕಣ್ಣುಮುಚ್ಚಿ ಬಿಸಿಲಿಗೆ ಮುಖ ಕೊಟ್ಟ. ಅವನ ಅಂಗಿ ಬೆನ್ನಿಗೆ ಅಂಟಿತು. ವೀಣಾ ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

"ಇದು ಬಿಸಿಲಲ್ಲ ಅಮ್ಮ, ಸೆಕೆ," ಎಂದ ಬಂಗಾರಮ್ಮನಿಗೆ. "ಬಿಸಿಲು ಒಣಗಿಸುತ್ತೆ. ಇದು ಬೇಯಿಸುತ್ತೆ."

"ಬೇಯೋದಾದ್ರೂ ಹೆಂಡತಿ ಮಕ್ಕಳ ಜೊತೆ ಬೇಯಬಹುದಲ್ಲ ಮಾರಾಯ," ಎಂದಳು ಬಂಗಾರಮ್ಮ. ಅವನು ನಕ್ಕ. ನಗುವಿನಲ್ಲಿ ಒಂದಿಷ್ಟು ಒಪ್ಪಿಗೆ ಇದ್ದಂತೆ ಅವಳಿಗೆ ಕಂಡಿತು. ಅಷ್ಟರಲ್ಲಿ ಹಿತ್ತಲಿನಿಂದ ಸದ್ದು ಕೇಳಿತು. ಬಟ್ಟೆಕಲ್ಲಿನ ಪಕ್ಕದ ನಲ್ಲಿ ಬೆರಳುಗಾತ್ರ ಸುರಿಯುತ್ತಿತ್ತು.

"ಆ ನಲ್ಲಿ ಹಂಗೇ ತಂಬಿ," ಎಂದಳು ಒಡತಿ ಹೆಮ್ಮೆಯಿಂದ. "ಎರಡು ವರ್ಷದಿಂದ ನಿಲ್ಲಲ್ಲ. ಅಷ್ಟು ನೀರಿದೆ ನಮ್ಮಲ್ಲಿ."

ವೀಣಾ ಹಣೆ ಒತ್ತಿಕೊಂಡಳು. ಧರ್ಮಪ್ಪ ಕರ್ಚೀಫು ಹರಿದು ನಲ್ಲಿಯ ಬಾಯಿಗೆ ಬಿಗಿದು ಕಟ್ಟಿದ. ಹೊರಡುವ ಹೊತ್ತಿಗೆ ಅದೂ ತೊಟ್ಟಿಕ್ಕುತ್ತಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಅವನು ನಿಂತೇ ಬಂದ.

ಮರುದಿನ ಬಂಗಾರಮ್ಮ ಜಗಲಿಯ ಮೇಲೆ ರಂಗೋಲಿ ಪುಡಿಯಲ್ಲಿ ಎರಡು ಮನೆ ಬರೆದು, ಹುಣಸೆಬೀಜದ ಡಬ್ಬಿ ತಂದಿಟ್ಟಳು.

"ನಂಗೆ ಬರೆಯೋಕೆ ಬರಲ್ಲ. ಈ ಮನೇಲಿ ನಿನ್ನ ಜೈಸಲ್ಮೇರಿನ ಒಳ್ಳೇದು, ಈ ಮನೇಲಿ ಅಲ್ಲಿಯ ಕೆಟ್ಟದ್ದು. ಒಂದೊಂದೇ ಹೆಸರು ಹೇಳಿ ಇಡು. ಸುಳ್ಳು ಬೀಜ ಇಡಬೇಡ."

ಧರ್ಮಪ್ಪ ನಿಂತೇ ಬಗ್ಗಿ ಇಟ್ಟ. ಬಟ್ಟೆ ಹತ್ತು ನಿಮಿಷಕ್ಕೆ ಒಣಗುತ್ತೆ, ಒಂದು. ಬೂಷ್ಟಿಲ್ಲ, ನವೆಯಿಲ್ಲ, ಒಂದು. ಮರಳು ಎಲ್ಲ ಹೇಳುತ್ತೆ, ಯಾರು ಬಂದರು, ಕುಂಟುತ್ತಾ ಬಂದರಾ, ಹೊರೆ ಹೊತ್ತು ಬಂದರಾ, ಹೆಜ್ಜೆಯಲ್ಲೇ ಗೊತ್ತಾಗುತ್ತೆ, ಅದಕ್ಕೊಂದು. ಚಳಿಗಾಲದ ಬೆಳಗು, ಒಂದು. ಕೆಟ್ಟದ್ದರ ಮನೆಗೆ ಬಂದಾಗ ಕೈ ನಿಧಾನವಾಯಿತು. ರೊಟ್ಟಿಯಲ್ಲಿ ಮರಳು. ಹಾಸಿಗೆಯಲ್ಲಿ ಚೇಳು. ಕಿಡ್ನಿ ಕಲ್ಲು. ಅಪ್ಪ ಸತ್ತಾಗ ಊರು ಮುಟ್ಟಿದ್ದು ಮೂರನೇ ದಿನ, ಬೂದಿಯಷ್ಟೇ ಉಳಿದಿತ್ತು. ಲಿಖಿತಾ ಮೊದಲ ಸಲ ಅವನನ್ನು ಕಂಡಾಗ ಕಿರುಚಿ ಅಮ್ಮನ ಸೆರಗಿನ ಹಿಂದೆ ಹೋದದ್ದು.

ಪಕ್ಕದಲ್ಲೇ ಕೂತಿದ್ದ ವೀಣಾ ಒಂದು ಹಿಡಿ ಬೀಜ ತಗೊಂಡು ಕೆಟ್ಟದ್ದರ ಮನೆಗೆ ಸುರಿಯಲು ಹೋದಳು.

"ಹೆಸರು ಹೇಳಿ ಇಡು ತಾಯಿ," ಎಂದು ಬಂಗಾರಮ್ಮ ಕೈ ತಡೆದಳು.

"ಹದಿನೆಂಟು ದೀಪಾವಳಿ," ಎಂದಳು ವೀಣಾ. ಒಂದು ಬೀಜ ಇಟ್ಟು ಒಳಗೆ ಹೋದಳು.

ನಾಲ್ಕಕ್ಕೆ ಆರು. ಲೆಕ್ಕ ಸ್ಪಷ್ಟವಾಗಿತ್ತು. ಆದರೆ ಧರ್ಮಪ್ಪನ ಮುಷ್ಟಿಯಲ್ಲಿ ಇನ್ನೊಂದು ಬೀಜವಿತ್ತು. ಅದನ್ನು ಇಡಲೂ ಇಲ್ಲ, ಡಬ್ಬಿಗೆ ಹಾಕಲೂ ಇಲ್ಲ. ಬಂಗಾರಮ್ಮ ಹನ್ನೆರಡು ಬತ್ತಿ ಹೊಸೆಯುವಷ್ಟು ಹೊತ್ತು ಕಾದಳು.

"ಅದು ಯಾವುದಕ್ಕೆ?"

"ಅಲ್ಲಿ ನೀರು ಕೊಡೋ ಅಜ್ಜಿಯೊಬ್ಳು ಹೇಳ್ತಿದ್ಲು, ತುಪ್ಪ ಚೆಲ್ಲಿದ್ರೆ ಚೆಲ್ಲಲಿ, ನೀರು ಚೆಲ್ಲಿದ್ರೆ ಜೀವ ಉರಿಯುತ್ತೆ ಅಂತ. ಅಲ್ಲಿ ಎಲ್ರಿಗೂ ಉರಿಯುತ್ತೆ ಅಮ್ಮ. ಅಲ್ಲಿ ನಾನು ಹುಚ್ಚ ಅಲ್ಲ."

ಅವನು ಬೀಜವನ್ನು ಒಳ್ಳೆಯದರ ಮನೆಯಲ್ಲಿಟ್ಟ. ಬಂಗಾರಮ್ಮ ಕೈಯಲ್ಲಿದ್ದ ಬತ್ತಿ ಕೆಳಗಿಟ್ಟಳು. ಆಮೇಲೆ ಡಬ್ಬಿಯಿಂದ ತಾನೇ ಒಂದು ಬೀಜ ಆರಿಸಿ, ಆ ಎರಡೂ ಮನೆಗಳ ಹೊರಗೆ, ತನ್ನ ಕಾಲ ಬಳಿ ಇಟ್ಟಳು.

"ಇದು ಇಲ್ಲಿಯದು. ನಂಗೂ ನೀನು ಹುಚ್ಚ ಅಲ್ಲ."

ಧರ್ಮಪ್ಪ ಆ ಬೀಜವನ್ನೇ ನೋಡುತ್ತಾ ಕೂತ. ಆ ದಿನ ಏಳಲಿಲ್ಲ, ಕತ್ತಲಾಗುವ ತನಕ. ಆದರೂ ಅವನ ಮನಸ್ಸು ಎತ್ತ ಹೋಗಿದೆ ಎಂದು ಅವಳಿಗೆ ತಿಳಿಯಿತು. ವೀಣಾಳಿಗೂ ತಿಳಿಯಿತು. ಜಗಳ ಆಷಾಢ, ಶ್ರಾವಣ ದಾಟಿ ಒಂದು ಕರಾರಿಗೆ ಬಂದು ನಿಂತಿತು. ದಸರೆ ಕಳೆದು ಹೋಗುವುದು. ಶಿವರಾತ್ರಿಯ ದಿನ ಈ ಮನೆಯಲ್ಲಿ ದೀಪ ಹಚ್ಚುವಾಗ ಎದುರಿಗೆ ಇರಬೇಕು, ಒಂದು ಬೇಸಿಗೆಯನ್ನೂ ಅಲ್ಲಿ ಕಾಣಕೂಡದು. ದಿನವೂ ಸಂಜೆ ಮೂರು ಗೆರೆಯ ಖಾಲಿ ಬಾಟಲಿಯ ಫೋಟೋ ಕಳಿಸಬೇಕು. ರೂಪೇಶ ಅದಕ್ಕೆ ಒಪ್ಪಿದ.

ವಿಜಯದಶಮಿಯ ಮರುದಿನ ಬೆಳಗ್ಗೆ ಆಟೋ ಬಂತು. ದಾವಣಗೆರೆಯವರೆಗೆ ಬಸ್ಸು, ಅಲ್ಲಿಂದ ಜೋಧ್‌ಪುರದ ರೈಲು. ಲಿಖಿತಾ ಚೀಲ ಒಳಗಿಟ್ಟಳು. ವೀಣಾ ಗೆರೆ ಎಳೆದ ಬಾಟಲಿ ಕೈಗೆ ಕೊಟ್ಟಳು. ಎದುರುಮನೆಯಲ್ಲಿ ಮೋಟರು ಗುಂಯ್ ಎನ್ನುತ್ತಿತ್ತು. ಧರ್ಮಪ್ಪ ಆಟೋದಲ್ಲಿ ಕೂತವನು ಇಳಿದ. ಕೂತ, ಮತ್ತೆ ಇಳಿದ. ಏಳು ಗಂಟೆ ಹನ್ನೊಂದು ನಿಮಿಷ ಎಂದು ಬಂಗಾರಮ್ಮ ಒಳಗಿನ ಗಡಿಯಾರ ನೋಡಿ ಬಂದಿದ್ದಳು. ಅವನು ಜಗಲಿಯ ಹತ್ತಿರ ಬಂದು ಅವಳ ಕಾಲು ಮುಟ್ಟಿದ. ತಲೆಯೆತ್ತಿದಾಗ ಕಣ್ಣು ತಾರಸಿಯ ಪೈಪಿನ ತುದಿಯಲ್ಲಿತ್ತು.

"ಅಮ್ಮಾ, ಸ್ವಿಚ್ ಮುಟ್ಟೋದು ಬೇಡ. ಇಲ್ಲಿ ಕೂತಲ್ಲಿಂದಲೇ, ಏಳೂಕಾಲಿಗೆ, ಅವರ ಹೆಸರು ಹಿಡಿದು ಒಂದು ಕೂಗು ಹಾಕ್ತೀರಾ?"