ನಾಲ್ಕು ನಿಂಬೆಹಣ್ಣಿನ ಜೀಪು

ಮಿತ್ರರೇ, ಇಂದು ಹಿರಿಯೂರಿನ ಗ್ಯಾರೇಜಿಗೆ ಬಂದವರೆಲ್ಲರಿಗೂ ವಂದನೆಗಳು. ನಿಮ್ಮ ಮರುಕವನ್ನು ಮಾತ್ರ ಸ್ವೀಕರಿಸಲಾರೆ.

ತೀರಿಕೊಂಡ ನನ್ನ ಮಗ ರಿಪೇರಿ ಅರ್ಧಕ್ಕೇ ಬಿಟ್ಟಿದ್ದ ಹಳೆಯ ಫೋರ್ ವೀಲ್ ಡ್ರೈವ್ ಜೀಪು, ಐಮಂಗಲದ ಗುಜರಿಯಿಂದ ತಂದ ಗೇರ್‌ಬಾಕ್ಸ್ ಕೂಡಿಸಿದ ಮೇಲೆ ಇಂದು ಗುಡುಗಿತು. ಅವನ ಗೆಳೆಯ ತಿಪ್ಪೇಶ ವಾಡಿಕೆಯಂತೆ ಮುಂದಿನ ಗಾಲಿಗಳಡಿ ಎರಡು ನಿಂಬೆಹಣ್ಣು ಇಟ್ಟ. ಮೆಕ್ಯಾನಿಕ್ ರಫೀಕ್ ತಡೆದರು: “ಲೇ, ನಾಕೂ ಗಾಲಿ ಎಳೀತಾವೆ, ಇನ್ನೆರಡು ಇಡಪ್ಪ!”

ವಾದದಲ್ಲಿ ದೋಷ ಕಾಣದೆ ನಾನೂ ಅನುಮೋದಿಸಿದೆ. ತಿಪ್ಪೇಶ ಜೀಪು ಉರುಳಿಸಿದ. ನಾಲ್ಕೂ ಹಣ್ಣು ಅಪ್ಪಚ್ಚಿಯಾದವು.

ಇಳಿದವನೇ, “ಮಾರಿಬಿಡ್ರಿ ಅಪ್ಪಾಜಿ, ನೋಡಿದಾಗೆಲ್ಲ ಸಂಕಟ ಆಗ್ತೈತೆ” ಎಂದ. ಎಲ್ಲರೂ ತಲೆಯಾಡಿಸಿದಿರಿ.

ಬಹುಮತಕ್ಕೆ ಗೌರವವಿದೆ. ಆದರೆ ಜೀಪು ಮಾರುವುದಿಲ್ಲ. ಸೈಕಲ್ ಬಿಟ್ಟು ಬೇರೇನನ್ನೂ ಓಡಿಸದ ನಾನು ನಾಳೆಯಿಂದ ಇದನ್ನು ಕಲಿಯುತ್ತೇನೆ. ಮರುಕವುಳ್ಳವರು ದಯವಿಟ್ಟು ರಸ್ತೆಯ ಪಕ್ಕಕ್ಕೆ ಸರಿಯಬೇಕಾಗಿ ವಿನಂತಿ.