ಧಾಬಳಿಯೊಳಗಿನ ಬೆಂಕಿ

ನಮ್ಮಣ್ಣ ದೊಡ್ಡ ವಿಜ್ಞಾನಿ ಅನ್ನಿಸಿಕೊಂಡ ಮೇಲೆ ಅವನ ಬಾಲ್ಯದ ಕಥೆ ಕೇಳಿಕೊಂಡು ನನ್ನ ಹತ್ತಿರ ಬರುವವರು ಹೆಚ್ಚಾದರು. ಬೀದಿದೀಪದ ಕೆಳಗೆ ಓದುತ್ತಿದ್ದರಂತಲ್ಲ ಅನ್ನುತ್ತಾರೆ. ನಮ್ಮ ಓಣಿಯಲ್ಲಿ ದೀಪವೇ ಇರಲಿಲ್ಲ ಅಂದರೆ ಅವರ ಮುಖ ಸಪ್ಪಗಾಗುತ್ತದೆ. ಗಡಿಯಾರ ಬಿಚ್ಚಿ ಜೋಡಿಸುತ್ತಿದ್ದರೇನು ಅನ್ನುತ್ತಾರೆ. ಮನೆಯಲ್ಲಿ ಗಡಿಯಾರವೂ ಇರಲಿಲ್ಲ. ಅವರಿಗೆ ಬೇಕಾದ ಹುಡುಗನೇ ಬೇರೆ. ನನ್ನ ಜೊತೆ ಬೆಳೆದವನು ಹಠಮಾರಿ, ಜಗಳಗಂಟ, ಹಿರಿಯರು ಒಂದು ಮಾತು ಹೇಳಿದರೆ "ಯಾಕ?" ಅಂತ ಎದುರು ನಿಲ್ಲುವವನು. ಅವನ ಬಾಲ್ಯ ಅಂದರೆ ನನ್ನ ಕಣ್ಣ ಮುಂದೆ ಬರುವುದು ಒಂದೇ ಸಂಗತಿ. ಅದನ್ನು ಬಂದವರ ಮುಂದೆ ಹೇಳಲು ನನಗೆ ಮನಸ್ಸಾಗಲಿಲ್ಲ. ಚಹಾ ಕೊಟ್ಟು ಕಳಿಸಿದ್ದೇನೆ.

ರಾಯಚೂರಿನಲ್ಲಿ ಕೋಟೆಯ ಬದಿಗೆ ನಮ್ಮ ಮನೆ. ಅದು ಯುದ್ಧದ ಕಾಲ. ಅಪ್ಪ ಹಗಲೆಲ್ಲ ಶೆರವಾನಿ ತೊಟ್ಟು ಸರಕಾರಿ ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿಸುತ್ತಿದ್ದರು. ಮನೆಗೆ ಬಂದರೆ ಶೆರವಾನಿ ಗೂಟಕ್ಕೆ, ತಾವು ಬಾವಿಕಟ್ಟೆಗೆ. ಸ್ನಾನವಾಗಿ ಮಡಿ ಉಟ್ಟ ಮೇಲೆ ಅವರೇ ಬೇರೆ ಮನುಷ್ಯ. ನಮ್ಮದು ಮಡಿಯ ಮನೆ. ಮಿಂದು ಮಡಿಬಟ್ಟೆ ಉಟ್ಟವರನ್ನು ಉಳಿದವರು ಮುಟ್ಟುವಂತಿಲ್ಲ, ಮುಟ್ಟಿದರೆ ಅವರಿಗೆ ಮತ್ತೆ ಸ್ನಾನ. ಎಲ್ಲರಿಗಿಂತ ಹೆಚ್ಚು ಮಡಿ ಅಂದರೆ ಅಪ್ಪನ ಅಕ್ಕ, ನಮ್ಮ ಸೋದರತ್ತೆ. ನಾವು ಅವಳನ್ನು ಅತ್ಯಾ ಅಂತ ಕರೆಯುತ್ತಿದ್ದೆವು. ಅವಳು ಬೆಳಗಿನಿಂದ ಸಂಜೆಯವರೆಗೆ ಮಡಿಯಲ್ಲೇ ಇರುವವಳು. ಒಂದೇ ಸೂರಿನ ಕೆಳಗೆ ಬೆಳೆದರೂ ಅವಳ ಕೈ ಬಿಸಿಯೋ ತಣ್ಣಗೋ ಎಂಬುದು ನನಗೆ ಗೊತ್ತಿರಲಿಲ್ಲ.

ಅತ್ತೆಯನ್ನು ದೇವದುರ್ಗಕ್ಕೆ ಕೊಟ್ಟಿದ್ದರು. ಇನ್ನೂ ಹುಡುಗಿ ಆಗಿದ್ದಾಗಲೇ ಹೋದಳು. ಒಂದು ಚಳಿಗಾಲ ಗಂಡನ ಜೊತೆ ಸಂಸಾರ ಮಾಡಿದಳು, ಬೇಸಿಗೆಯಲ್ಲಿ ಅವರು ತೀರಿಕೊಂಡರು. ಆಮೇಲೆ ಆ ಮನೆಯವರು ಇವಳ ತಲೆ ಬೋಳಿಸಿ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿಟ್ಟರು. ಮುಂಜಾನೆ ಯಾರ ಕಣ್ಣಿಗೂ ಬೀಳಬಾರದು ಅಂತ ಬಿಸಿಲೇರುವವರೆಗೆ ಹೊರಗಿನಿಂದ ಚಿಲಕ ಹಾಕುತ್ತಿದ್ದರಂತೆ. ಇದನ್ನು ಕೇಳಿ ನಮ್ಮ ಅಜ್ಜ ಹೋಗಿ ಕರಕೊಂಡು ಬಂದರು. ಬರುವಾಗ ಅವಳ ಕೈಯಲ್ಲಿದ್ದದ್ದು ಒಂದು ಧಾಬಳಿ ಮಾತ್ರ. ಧಾಬಳಿ ಅಂದರೆ ಮಡಿಗೆ ನಡೆಯುವ ಉಣ್ಣೆಯ ವಸ್ತ್ರ, ದಿನಾ ಒಗೆಯಬೇಕಾಗಿಲ್ಲ. ಅದು ಅವಳ ಗಂಡನದು, ಅವರು ಸಂಧ್ಯಾವಂದನೆಗೆ ಉಡುತ್ತಿದ್ದದ್ದು. ಚಳಿಗಾಲ ಬಂತೆಂದರೆ ಅತ್ತೆ ಅದನ್ನು ಮಡಿಸೀರೆಯ ಮೇಲೆ ತಲೆಯಿಂದ ಹೊದ್ದುಕೊಳ್ಳುತ್ತಿದ್ದಳು. ನಮ್ಮ ಮನೆಯಲ್ಲಿ ಧಾಬಳಿ ಇದ್ದದ್ದು ಅದೊಂದೇ. ಅಪ್ಪ ಅವ್ವ ಎಲ್ಲ ಒಗೆದ ನೂಲಿನ ಬಟ್ಟೆಯಲ್ಲೇ ನಡುಗುತ್ತಿದ್ದರು.

ಧನುರ್ಮಾಸದಲ್ಲಿ ಬೆಳಕು ಹರಿಯುವ ಮೊದಲೇ ದೇವರಿಗೆ ಹುಗ್ಗಿಯ ನೈವೇದ್ಯ ಆಗಬೇಕು. ಅತ್ತೆ ಎಲ್ಲರಿಗಿಂತ ಮೊದಲು ಎದ್ದು ಮಿಂದು ಒಲೆಯ ಮುಂದೆ ಕೂತು ಹುಗ್ಗಿ ಮಾಡುವಳು. ಅದಾದ ಮೇಲೆ ಕೆಂಡದ ಮೇಲೆ ಬೂದಿ ಎಳೆದು ದೇವರ ಮನೆಗೆ ಹೋಗಿ ಪೂಜೆಗೆ ಅಣಿ ಮಾಡುವಳು. ಹಿಂದಿನ ವರ್ಷಗಳಲ್ಲಿ ದೇವರ ಮನೆಯ ಬಾಗಿಲಿಗೆ ಕಂದೀಲು ತೂಗುಹಾಕಿರುತ್ತಿತ್ತು. ಆ ವರ್ಷ ಚಿಮಣಿ ಎಣ್ಣೆ ಸಿಗುವುದೇ ದುಸ್ತರವಾಗಿತ್ತು. ಅಪ್ಪ ಪೂಜೆಗೆ ಬಂದು ದೀಪ ಹಚ್ಚುವವರೆಗೆ ಒಳಗೆಲ್ಲ ಕತ್ತಲೆ. ಅತ್ತೆಗೆ ಅದರಿಂದ ತೊಂದರೆ ಇರಲಿಲ್ಲ. ತಂಬಿಗೆ ಎಲ್ಲಿ, ಗಂಧದ ಕೊರಡು ಎಲ್ಲಿ ಎಂಬುದು ಅವಳ ಕೈಗೇ ಗೊತ್ತಿತ್ತು.

ಒಂದು ಮುಂಜಾನೆ ಚಳಿಗೆ ಎಚ್ಚರವಾಗಿ ನಾನು ಒಳಗೆ ಬಂದೆ. ದೇವರ ಮನೆಯಿಂದ ಅತ್ತೆಯ ದನಿ ಕೇಳಿಸಿತು. ಮಂತ್ರವಲ್ಲ, ಹಾಡಲ್ಲ, ಮಾತು. "ಇವತ್ತ ಚಳಿ ಭಾಳ ಅದ ನೋಡ್ರಿ," ಅಂದಳು. ಆಮೇಲೆ ಸುಮ್ಮನಾದಳು, ಯಾರೋ ಉತ್ತರ ಹೇಳುತ್ತಿದ್ದಾರೆ ಎಂಬಂತೆ. "ಹೌದ್ರೀ, ಹೆಸರುಬ್ಯಾಳಿ ಈ ಸಲ ಛಲೋ ಬಂದಿಲ್ಲ," ಅಂತ ಮತ್ತೆ ಅಂದಳು. ನನ್ನ ಕಾಲು ಅಲ್ಲೇ ನಿಂತವು. ದೇವರಿಗೆ ಯಾರೂ ‘ರೀ’ ಅನ್ನುವುದಿಲ್ಲ. ಅತ್ತೆಯೂ ಕೃಷ್ಣನನ್ನು ನೀನು ಅಂತಲೇ ಕರೆದು ಬೈಯುತ್ತಿದ್ದಳು. ಒಳಗಿರುವ ಈ ‘ರೀ’ ಯಾರು?

ಬಾಗಿಲಲ್ಲಿ ಇಣುಕಿದೆ. ಕತ್ತಲೆಯಲ್ಲಿ ಅವಳ ಆಕಾರವೂ ಕಾಣಲಿಲ್ಲ. ಅವಳು ಹೊದ್ದ ಧಾಬಳಿಯನ್ನು ತಲೆಯಿಂದ ಸರಿಸಿದಳು ಅಂತ ಕಾಣುತ್ತದೆ. ಒಣಗಿದ ಎಲೆ ತುಳಿದ ಹಾಗೆ ಚಿಟಿಚಿಟಿ ಸದ್ದಾಯಿತು. ನೀಲಿ ಬೆಂಕಿ ಅವಳ ಬೋಳು ತಲೆಯ ಸುತ್ತ ಹೊತ್ತಿ ಹೆಗಲ ಮೇಲಿಂದ ಕೆಳಗೆ ಓಡಿತು. ಆ ಬೆಳಕಿನಲ್ಲಿ ಅವಳ ಕಿವಿ, ಗಲ್ಲ ಒಂದು ಕ್ಷಣ ಕಂಡವು. ಅತ್ತೆ ಬೆಚ್ಚಲಿಲ್ಲ. ಅವಳು ನಗುತ್ತಿದ್ದಳು. ನಾನು ಅತ್ತೆಯ ನಗು ನೋಡಿದ್ದು ಅದೇ ಮೊದಲು. ಬೆಂಕಿಗಿಂತ ಆ ನಗುವಿಗೆ ಹೆದರಿ ಕಿರುಚಿದೆ.

ನನ್ನ ಕಿರುಚಾಟಕ್ಕೆ ಅವ್ವ ಎದ್ದು ಬಂದಳು. ಮರುದಿನ ಬಾಗಿಲ ಮರೆಯಲ್ಲಿ ನಿಂತು ತಾನೂ ನೋಡಿದಳು. ಆಮೇಲೆ ಅಪ್ಪ ನೋಡಿದರು. ಅಲ್ಲಿಂದ ನಮ್ಮ ಮನೆಯಲ್ಲಿ ಮಾತೆಲ್ಲ ಪಿಸುಪಿಸು ಆಯಿತು. "ಆ ಧಾಬಳಿ ಯಾರದು ಗೊತ್ತದ ಅಲ್ಲ?" ಅಂತ ಅವ್ವ ಅಪ್ಪನಿಗೆ ಹೇಳಿದ್ದು ನನಗೆ ಕೇಳಿಸಿತು. "ಅವರು ಬಂದು ಸೇರಿಕೊಂಡಾರ. ಮನ್ಯಾಗ ಮಕ್ಕಳವ." ಅವ್ವ ಕೆಟ್ಟವಳಲ್ಲ, ಹೆದರಿದ್ದಳು. ನಮ್ಮಿಬ್ಬರ ಹಾಸಿಗೆಯನ್ನು ಪಡಸಾಲೆಗೆ ಎಳೆದಳು. ಹಗಲಿನಲ್ಲೂ ಆ ಧಾಬಳಿ ಗಳದ ಮೇಲೆ ತೂಗುತ್ತಿದ್ದರೆ ನಾನು ಅದರ ಕೆಳಗೆ ಹಾಯದೆ ಹಿತ್ತಲು ಸುತ್ತಿ ಬರುತ್ತಿದ್ದೆ. ಗಾಳಿಗೆ ಅದು ಅಲುಗಿದರೆ ಒಳಗೆ ಯಾರೋ ಮಗ್ಗುಲು ಬದಲಿಸಿದರು ಅನ್ನಿಸುತ್ತಿತ್ತು.

ಅಪ್ಪ ಮಾನ್ವಿಗೆ ಹೇಳಿಕಳಿಸಿದರು. ಅಲ್ಲಿ ಗುಡಿಯ ಪೂಜೆ ಮಾಡಿಕೊಂಡಿದ್ದ ಅವರ ಚಿಕ್ಕಪ್ಪ, ನಮಗೆ ತಾತ, ಮನೆತನಕ್ಕೆಲ್ಲ ಹಿರಿಯರು. ಇದ್ದಿಲ ಹೊಗೆಯ ಬಸ್ಸಿನಲ್ಲಿ ಕೆಮ್ಮುತ್ತ ಬಂದ ತಾತ ಕೂತಲ್ಲೇ ತೀರ್ಪು ಹೇಳಿದರು. "ನಾಳೆ ಮುಂಜಾನೆ ನಾನೂ ಕಣ್ಣಾರೆ ನೋಡ್ತೀನಿ. ಇದ್ದದ್ದು ಖರೆ ಇದ್ರ ಅಕೀನ್ನ ದೇವದುರ್ಗಕ್ಕ ಬಿಟ್ಟು ಬರೋಣ. ಅವರ ಮನಿದು ಅವರ ಮನಿಗೇ ಹೋಗಲಿ. ದೆವ್ವ ಮೆಟ್ಟಿಕೊಂಡಾಕಿ ಕೈಲೆ ದೇವರಿಗೆ ನೈವೇದ್ಯ ಹ್ಯಾಂಗ ಆಗ್ತದ?"

ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ಕೂತು ಕೇಳಿಸಿಕೊಂಡಳು. "ಕಾಕಾ, ಬ್ಯಾಡ್ರಿ," ಅಂದಳು. "ಇಲ್ಲೇ ಒಂದು ಮೂಲ್ಯಾಗ ಬಿದ್ದಿರ್ತೀನಿ. ಅಡಿಗಿ ಮುಟ್ಟೂದಿಲ್ಲ. ಆ ಚಿಲಕದ ಕೋಣಿಗೆ ಕಳಸಬ್ಯಾಡ್ರಿ." ತಾತ ಕಣ್ಣು ಮುಚ್ಚಿ ಜಪಕ್ಕೆ ಕೂತರು. ಅಪ್ಪ ಅಕ್ಕನ ಮುಖ ನೋಡಲಾರದೆ ಶೆರವಾನಿ ತೊಟ್ಟು ರಜೆಯ ದಿನವೇ ಹೊರಗೆ ಹೋಗಿಬಿಟ್ಟರು.

ಇಷ್ಟಾಗುವವರೆಗೂ ಅಣ್ಣ ಎಲ್ಲಿದ್ದ ಅಂದರೆ, ಎಲ್ಲರ ಹಿಂದೆ ಅಡ್ಡಾಡುತ್ತ ತನ್ನ ಒಂದೇ ಪ್ರಶ್ನೆ ಕೇಳುತ್ತಿದ್ದ. "ಯಾಕ ಈ ವರ್ಷ? ಧಾಬಳಿ ಅವತ್ತಿಂದ ಅದ. ಅವರು ಸತ್ತು ಎಷ್ಟು ವರ್ಷ ಆತು? ಈ ವರ್ಷ ಯಾಕ ಬಂದ್ರು?" ಅವ್ವ ಎರಡು ಬಿಗಿದಳು. ಹಿತ್ತಲಲ್ಲಿ ಕೂತು ಅಳುತ್ತಿದ್ದವನು ಫಕ್ಕನೆ ಎದ್ದು ನನ್ನ ಕೈ ಹಿಡಿದ. "ಈ ವರ್ಷ ಕಂದೀಲ ಇಲ್ಲ," ಅಂದ. "ಬೆಂಕಿ ಈ ವರ್ಷ ಬಂದದ್ದಲ್ಲ ಲೇ, ಮೊದಲಿಂದ ಅದ. ಈ ವರ್ಷ ಕಾಣಾಕತ್ತದ, ಅಷ್ಟ."

ಮಟಮಟ ಮಧ್ಯಾಹ್ನ ನನ್ನನ್ನು ಜೋಳ ತುಂಬುವ ಕೋಣೆಗೆ ಎಳಕೊಂಡು ಹೋಗಿ ಬಾಗಿಲು ಹಾಕಿದ. ಕಿಟಕಿ ಇಲ್ಲದ ಕೋಣೆ. ಅಟ್ಟದಿಂದ ಒಂದು ಹಳೆಯ ಕುರಿಯ ಕಂಬಳಿ ತಂದಿದ್ದ. ನನಗೆ ಅವನು ಕಾಣುತ್ತಿರಲಿಲ್ಲ, ಅವನು ಕಂಬಳಿಯನ್ನು ಮೈಗೆ ತಲೆಗೆ ಪರಪರ ಉಜ್ಜುವ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ "ನೋಡು" ಅಂದ. ಚಿಟಿಚಿಟಿ ಅಂತು. ಸಣ್ಣ ನೀಲಿ ಹುಳುಗಳು ಅವನ ಕೂದಲಿನ ನಡುವೆ ಓಡಿ ಆರಿದವು. ನಾನು ತಿಳಿದುಕೊಂಡದ್ದೇ ಬೇರೆ. ಅತ್ತೆಯನ್ನು ಕಳಿಸುತ್ತಾರೆಂದು ಗೊತ್ತಾಗಿ ಧಾಬಳಿಯೊಳಗಿನವರು ಅಣ್ಣನ ಮೈಗೆ ದಾಟಿದ್ದಾರೆ ಅಂದುಕೊಂಡೆ. ಜೋಳದ ರಾಶಿಯ ಮೇಲೆ ಬಿದ್ದು ಬಾಗಿಲು ಬಡಿದೆ. ಅಣ್ಣ ನನ್ನ ಬಾಯಿ ಮುಚ್ಚಿದ. ಅವನ ಬೆರಳು ನನ್ನ ತುಟಿಗೆ ತಗಲುತ್ತಲೇ ಚುರ್ ಅಂತ ಚುಚ್ಚಿತು. ಇವತ್ತಿಗೂ ನೆನೆದರೆ ತುಟಿ ಜುಮ್ಮೆನ್ನುತ್ತದೆ.

ಮರುದಿನ ನಕ್ಷತ್ರ ಇನ್ನೂ ಇದ್ದವು. ದೇವರ ಮನೆಯ ಹೊಸ್ತಿಲಾಚೆ ತಾತ, ಅಪ್ಪ, ಅವ್ವ ನಿಂತಿದ್ದರು. ಅವ್ವನ ಸೆರಗಿನ ಹಿಂದೆ ನಾನು. ಎಲ್ಲರೂ ನೋಡುತ್ತಿದ್ದಾರೆ ಅಂತ ಅತ್ತೆಗೆ ಗೊತ್ತಿತ್ತು. ಒಳಗೆ ಅವಳ ಪಾತ್ರೆಯ ಸದ್ದೂ ಇರಲಿಲ್ಲ. ಮೆಲ್ಲಗೆ ಅಂದಳು, "ಇವತ್ತೊಂದಿನ ಬರಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಇವತ್ತೊಂದಿನ."

ತಾತನ ಬಾಯಲ್ಲಿ ನರಸಿಂಹನ ಹೆಸರು ಜೋರಾಗಿ ಬಂತು. ಅದಕ್ಕೆ ಬೆಚ್ಚಿಯೋ ಏನೋ, ಅತ್ತೆ ಕದಲಿದಳು. ಧಾಬಳಿ ಜಾರಿತು. ನೀಲಿ ಬೆಂಕಿ ಎಂದಿಗಿಂತ ಉದ್ದವಾಗಿ, ಬೆನ್ನ ತುಂಬ ಹರಿಯಿತು. "ಸಾಕು," ಅಂದರು ತಾತ. "ಮೊದಲ್ನೇ ಬಸ್ಸಿಗೇ ಕರಕೊಂಡು ನಡೀರಿ."

ಆಗ ಹಲ್ಲು ಉಜ್ಜದ, ಮೀಯದ, ಹಾಸಿಗೆಯಿಂದೆದ್ದ ಅಣ್ಣ ನಮ್ಮ ನಡುವೆ ನುಗ್ಗಿ ಹೊಸ್ತಿಲು ದಾಟಿದ. ಸೀದಾ ಹೋಗಿ ಅತ್ತೆಯ ಕೈ ಹಿಡಿದ. ಚಟ್ ಅಂತು. ಇಬ್ಬರೂ "ಹಾ" ಅಂದರು. "ಮುಟ್ಟಿಬಿಟ್ಟ! ಮುಟ್ಟಿಬಿಟ್ಟ!" ಅಂತ ಅವ್ವ ಕೂಗಿಕೊಂಡಳು. ಆ ಹೊತ್ತಿನಲ್ಲೂ ಅವಳಿಗೆ ಮೈಲಿಗೆಯದೇ ಚಿಂತೆ. ಅಣ್ಣ ಧಾಬಳಿ ಕಿತ್ತುಕೊಂಡು ತಾನು ಹೊದ್ದು ಉಜ್ಜಿ ಕೊಡವಿದ. ಅವನ ಮೈಮೇಲೂ ನೀಲಿ ಓಡಿತು. "ನನಗೂ ಮೆಟ್ಟಿಕೊಂಡರೇನು?" ಅಂತ ಕೇಳಿದ. ಅವನು ಹೊರಗೆ ಬಂದು ತಾತನ ಮೇಲೆ ಅದನ್ನು ಹೊದಿಸಿ ಸರ್ ಅಂತ ಎಳೆದ. ಮಾನ್ವಿಯ ಗುಡಿಯ ಪೂಜಾರಿಗಳ ಜುಟ್ಟಿನಿಂದ ಕಿಡಿ ಹಾರಿತು. ತಾತ ಎರಡು ಅಡಿ ಹಿಂದಕ್ಕೆ ಜಿಗಿದು ಗೋಡೆಗೆ ತಾಗಿ ನಿಂತರು.

"ಉಣ್ಣಿ ಬಟ್ಟಿ ಗುಣ ರೀ ತಾತಾ," ಅಂದ ಅಣ್ಣ. "ಚಳಿಗಾಲದಾಗ ಒಣಗಿ ಹಿಂಗಾಗ್ತದ. ಕಂಬಳಿಗೂ ಆಗ್ತದ. ಮಡಿ ಅಂತ ನೀವು ಯಾರೂ ಅತ್ಯಾನ್ನ ಮುಟ್ಟಲಿಲ್ಲ, ಅದಕ್ಕ ಇದು ಅಕೀ ಒಬ್ಬಾಕಿದೇ ಅನಕೊಂಡ್ರಿ."

ಅಪ್ಪ ದೀಪ ಹಚ್ಚಿದರು. ತಾವೂ ಒಮ್ಮೆ ಹೊದ್ದು ನೋಡಿ, ಒಮ್ಮೆಲೆ ನಗಲು ಶುರುಮಾಡಿದರು, ಕಣ್ಣಲ್ಲಿ ನೀರು ಬರುವವರೆಗೆ. ತಾತ ಗಂಟಲು ಸರಿಮಾಡಿಕೊಂಡು, "ಉಣ್ಣಿ ಗುಣ, ಇದ್ದರೂ ಇರಬಹುದು," ಅಂದರು. ದೇವದುರ್ಗದ ಮಾತನ್ನು ಮತ್ತೆ ಎತ್ತಲಿಲ್ಲ. ಅವ್ವ ಅತ್ತೆಯ ಮುಂದೆ ನೆಲಕ್ಕೆ ತಲೆ ಹಚ್ಚಿ, "ತಪ್ಪು ತಿಳಕೋಬ್ಯಾಡ್ರಿ ಅಕ್ಕಾ" ಅಂತ ಅತ್ತಳು. ನನಗೆ ಹಬ್ಬ ಬಂದಷ್ಟು ಸಂತೋಷ. ಅತ್ತೆ ಎಲ್ಲಿಗೂ ಹೋಗುವುದಿಲ್ಲ, ಧಾಬಳಿಯಲ್ಲಿ ಯಾರೂ ಇಲ್ಲ!

ಅತ್ತೆ ಮಾತ್ರ ಅಣ್ಣ ಹಿಡಿದಿದ್ದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತೇ ಇದ್ದಳು. ನೆಲದ ಮೇಲೆ ಬಿದ್ದ ಧಾಬಳಿಯನ್ನು ನೋಡಿದಳು. ಆಮೇಲೆ ಅಣ್ಣನನ್ನು ಕೇಳಿದಳು.

"ಅಂದ್ರ ಅವರಲ್ಲೇನೋ, ತಮ್ಮಾ?"

"ಅಲ್ಲ ಅತ್ಯಾ, ಬರೇ ಉಣ್ಣಿ," ಅಂದ ಅಣ್ಣ, ನಗುತ್ತ. ಅವನೂ ಇನ್ನೂ ಸಣ್ಣವನು.

ಅತ್ತೆ ತಲೆಯಾಡಿಸಿದಳು. ಮೈಲಿಗೆಯಾಗಿತ್ತಲ್ಲ, ಎದ್ದು ಮತ್ತೆ ಸ್ನಾನಕ್ಕೆ ಬಾವಿಗೆ ಹೋದಳು. ಧಾಬಳಿಯನ್ನೂ ತೆಗೆದುಕೊಂಡು ಹೋಗಿ ಕಲ್ಲಿನ ಮೇಲೆ ಹಾಕಿ ನೀರು ಸುರಿದಳು. ಆ ಚಳಿಗಾಲವೆಲ್ಲ ನಾನು ನಸುಕಿನಲ್ಲೇ ಎಚ್ಚರಾಗಿ ಹಾಸಿಗೆಯಲ್ಲಿ ಕಿವಿಗೊಟ್ಟು ಮಲಗಿರುತ್ತಿದ್ದೆ. ಅತ್ತೆ ಧಾಬಳಿ ಹೊದೆಯದೆ ಬರೀ ಸೀರೆಯಲ್ಲಿ ದೇವರ ಮನೆಗೆ ಹೋಗುತ್ತಿದ್ದಳು. ತಂಬಿಗೆ ಇಟ್ಟ ಸದ್ದು ಬರುತ್ತಿತ್ತು, ಗಂಧ ತೇಯುವ ಸದ್ದು ಬರುತ್ತಿತ್ತು. ಒಳಗೆ ಯಾರೂ ಮಾತಾಡುತ್ತಿರಲಿಲ್ಲ.